ಗುರುತಿಸುವವರು ಯಾರು? – ಟಾಮ್ ಲಾಂಗ್‌ಬೋಟ್ ಪ್ರಶಸ್ತಿ ಕಲಿಸುವ ಪಾಠ



ಸಂಘದ ವಾರ್ಷಿಕೋತ್ಸವದಲ್ಲಿ ಒಬ್ಬ ಸದಸ್ಯೆಗೆ ಶಾಲು ಹೊದಿಸಿ ಚಪ್ಪಾಳೆ ತಟ್ಟುತ್ತೇವೆ. ಒಳ್ಳೆಯದೇ. ಆದರೆ ಆಕೆಯನ್ನು ಆರಿಸಿದ್ದು ಯಾರು, ಯಾತಕ್ಕೆ ಅಂತ ಎಂದಾದರೂ ಕೇಳಿದ್ದೇವಾ? ಕೆನಡಾ ದೇಶದ ಒಂದು ಪ್ರಶಸ್ತಿಯ ಕಥೆಯಿಂದ ಇದನ್ನು ಕಲಿಯೋಣ.

ಟಾಮ್ ಯಾರು?

ಟಾಮ್ ಲಾಂಗ್‌ಬೋಟ್ ಕೆನಡಾದ ಒನೊಂಡಾಗ ಎಂಬ ಮೂಲನಿವಾಸಿ ಜನಾಂಗದವರು. ಆ ಕಾಲದಲ್ಲಿ ಸರ್ಕಾರ ಮತ್ತು ಚರ್ಚ್ ಸಂಸ್ಥೆಗಳು ಸೇರಿ ಮೂಲನಿವಾಸಿ ಮಕ್ಕಳನ್ನು ವಸತಿ ಶಾಲೆಗೆ ಹಾಕಿ, ಅವರ ಭಾಷೆ, ಆಚಾರಗಳನ್ನು ಬಿಡಿಸುತ್ತಿದ್ದವು. ಇದನ್ನು ನಾವು ಮುಚ್ಚಿಡಬಾರದು. ಟಾಮ್ ಅಂಥ ಶಾಲೆಯಿಂದ ಓಡಿಹೋದರು.

1907ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಓಟವನ್ನು ಹಿಂದಿನ ದಾಖಲೆಗಿಂತ ಸುಮಾರು 5 ನಿಮಿಷ ಬೇಗ ಮುಗಿಸಿ ಗೆದ್ದರು. ಒಂದು ದಿನ ಕಷ್ಟದ ಅಭ್ಯಾಸ, ಇನ್ನೊಂದು ದಿನ ಹಗುರ ನಡಿಗೆ – ಇದು ಅವರ ಕ್ರಮ. ಪತ್ರಿಕೆಗಳು ‘ಸೋಮಾರಿ’ ಅಂತ ಬರೆದವು. ಇವತ್ತು ತರಬೇತುದಾರರು ಅದನ್ನೇ ಹೇಳಿಕೊಡುತ್ತಾರೆ! ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನಲ್ಲಿ ಸೈನ್ಯದ ಸಂದೇಶಗಳನ್ನು ಹೊತ್ತು ಓಡಿದರು. ಆಮೇಲೆ ಟೊರೊಂಟೊ ನಗರದ ಬೀದಿ ಸ್ವಚ್ಛಗೊಳಿಸಿ ಸಂಸಾರ ಸಾಕಿದರು. 1949ರಲ್ಲಿ ತೀರಿಕೊಂಡರು.

ಪ್ರಶಸ್ತಿ ಬಂದ ಬಗೆ

ಅವರು ಸತ್ತು ಎರಡು ವರ್ಷದ ಮೇಲೆ, 1951ರಲ್ಲಿ, ಸರ್ಕಾರ ಮತ್ತು ಒಂದು ಕ್ರೀಡಾ ಸಂಘ ಸೇರಿ ಅವರ ಹೆಸರಲ್ಲಿ ಉತ್ತಮ ಮೂಲನಿವಾಸಿ ಕ್ರೀಡಾಪಟುಗಳಿಗೆ ಪ್ರಶಸ್ತಿ ಶುರು ಮಾಡಿದವು. ಆರಂಭದಲ್ಲಿ ಹೆಸರು ಸೂಚಿಸುತ್ತಿದ್ದವರು ಸರ್ಕಾರಿ ಅಧಿಕಾರಿಗಳು. ಮೂಲನಿವಾಸಿಗಳನ್ನು ಬಿಳಿಯರ ಅಚ್ಚಿಗೆ ಎರಕ ಹೊಯ್ಯುವ ಉದ್ದೇಶವೂ ಇದರ ಹಿಂದಿತ್ತು ಎಂದು ಜಾನಿಸ್ ಫೋರ್‌ಸೈತ್ ಬರೆದಿದ್ದಾರೆ. ಅವರು ಕ್ರೀ ಎಂಬ ಮೂಲನಿವಾಸಿ ಜನಾಂಗದ ವಿದ್ವಾಂಸೆ, ತಾವೇ ಈ ಪ್ರಶಸ್ತಿ ಪಡೆದವರು.

ಹೆಣ್ಣುಮಕ್ಕಳು? ಮೊದಲ ಮಹಿಳೆಗೆ ಈ ಪ್ರಶಸ್ತಿ ಸಿಕ್ಕಿದ್ದು 1968ರಲ್ಲಿ – ಸಾಫ್ಟ್‌ಬಾಲ್ ಆಟಗಾರ್ತಿ ಫಿಲಿಸ್ ಬಾಂಬೆರಿ. ಅಲ್ಲಿವರೆಗೆ 17 ವರ್ಷ ಕಳೆದಿತ್ತು!

ಮೂಲನಿವಾಸಿಗಳು ಪ್ರಶಸ್ತಿಯನ್ನು ಬಿಸಾಡಲಿಲ್ಲ, ತಮ್ಮ ಕೈಗೆ ತೆಗೆದುಕೊಂಡರು. 1990ರ ದಶಕದ ಕೊನೆಯಲ್ಲಿ ಅವರದೇ ಕ್ರೀಡಾ ಸಂಸ್ಥೆ, ಅಬೊರಿಜಿನಲ್ ಸ್ಪೋರ್ಟ್ ಸರ್ಕಲ್, ಹೊಣೆ ಹೊತ್ತಿತು. ಗಂಡಿಗೊಂದು, ಹೆಣ್ಣಿಗೊಂದು ಪ್ರಶಸ್ತಿ ಎಂದಾಯಿತು.

ನಮಗೆ ಪಾಠ

ನಮ್ಮ ಕರ್ನಾಟಕ ಸರ್ಕಾರ ಕ್ರೀಡಾಪಟುಗಳಿಗೆ ಕೊಡುವ ಪ್ರಶಸ್ತಿಗೂ ಏಕಲವ್ಯನ ಹೆಸರಿದೆ. ಹೆಬ್ಬೆರಳು ಕಳೆದುಕೊಂಡ ಬೇಡರ ಹುಡುಗ ಆತ. ಬದುಕಿದ್ದಾಗ ಸೋಮಾರಿ ಎಂದು ಹೇಳಿ, ಸತ್ತ ಮೇಲೆ ಪದಕಕ್ಕೆ ಹೆಸರಿಟ್ಟರೆ ಸಾಕಾ? ಗುರುತಿಸುವುದು ಸಮಯಕ್ಕೆ ಸರಿಯಾಗಿ ಆಗಬೇಕು. ಆರಿಸುವ ಜಾಗದಲ್ಲಿ ನಮ್ಮವರೂ ಕೂತಿರಬೇಕು.

ಸಂಘದಲ್ಲಿ ಚರ್ಚಿಸಿ

1. ನಮ್ಮೂರ ಕ್ರೀಡಾಕೂಟದಲ್ಲಿ ಬಹುಮಾನ ಯಾರಿಗೆ ಎಂದು ತೀರ್ಮಾನಿಸುವವರಲ್ಲಿ ಹೆಂಗಸರು ಎಷ್ಟು ಜನ?

2. ಚೆನ್ನಾಗಿ ಓಡುವ, ಆಡುವ ಯಾವ ಹುಡುಗಿಯನ್ನು ‘ದೊಡ್ಡವಳಾದಳು’ ಅಂತ ಮನೆಯಲ್ಲಿ ಕೂರಿಸಿದ್ದೇವೆ?

3. ಅವಳಿಗಾಗಿ ನಮ್ಮ ಸಂಘ ಈ ತಿಂಗಳೇ ಏನು ಮಾಡಬಹುದು? ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ.