ಗಂಡು ಮೊಲಗಳನ್ನು ಒಂದೇ ಪಂಜರದಲ್ಲಿ ಬಿಡಬಹುದಾ?

"ಎರಡೂ ಒಂದೇ ತಾಯಿ ಮರಿ, ಜೊತೇಲೇ ಬೆಳೆದಿವೆ. ಒಂದೇ ಪಂಜರ ಸಾಕಲ್ವಾ?" ಗೊಬ್ಬರವೂ ಸಿಗುತ್ತೆ ಅಂತ ಮೊಲ ಸಾಕಲು ಹೊರಟವರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ. 3 ತಿಂಗಳವರೆಗೆ ಸಾಕು, ಆಮೇಲೆ ಆಗಲ್ಲ.

ಆ ವಯಸ್ಸಿಗೆ ಗಂಡು ಮರಿಗಳು ಪ್ರಾಯಕ್ಕೆ ಬರತೊಡಗುತ್ತವೆ. ಒಂದರ ಮೇಲೊಂದು ಹತ್ತುವುದು, ಅಟ್ಟಾಡಿಸುವುದು, ಮೂತ್ರ ಚಿಮ್ಮಿಸುವುದು ಕಂಡರೆ ಅವತ್ತೇ ಬೇರೆ ಮಾಡಿ. ನಾಳೆ ನೋಡೋಣ ಅನ್ನಬೇಡಿ. ಮೊಲದ ಜಗಳಕ್ಕೆ ನಾಯಿ ಜಗಳದಂತೆ ಗದ್ದಲ ಇರಲ್ಲ, ಬೆಳಿಗ್ಗೆ ಕಿತ್ತುಬಿದ್ದ ಕೂದಲು ನೋಡಿದಾಗಲೇ ಗೊತ್ತಾಗೋದು. ವೃಷಣಕ್ಕೇ ಬಾಯಿ ಹಾಕುತ್ತವೆ. ಅಲ್ಲಿ ಗಾಯವಾದ ಗಂಡು ಬದುಕಿದರೂ ಮರಿ ಮಾಡಿಸಲು ಬಾರದೇ ಹೋಗಬಹುದು. ಮೈಮೇಲಿನ ಕಡಿತ ಕೂದಲಡಿ ಮುಚ್ಚಿಕೊಂಡು ಕೀವು ಕಟ್ಟುತ್ತೆ, ಹಾಗಾಗಿ ಕೈಯಾಡಿಸಿಯೇ ನೋಡಬೇಕು.

ಪಂಜರ ದೊಡ್ಡದು ಮಾಡಿದ್ರೆ? ಅಟ್ಟಾಡಿಸೋಕೆ ಜಾಗ ಹೆಚ್ಚಾಯ್ತು, ಅಷ್ಟೇ. ಒಂದೊಂದಕ್ಕೂ 2 ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಪ್ರತ್ಯೇಕ ಪಂಜರ ಕೊಡಿ. ಅಕ್ಕಪಕ್ಕ ಇಡುವುದಾದರೆ ನಡುವೆ ತಗಡು ಹಾಕಿ, ಬರೀ ಜಾಲರಿ ಇದ್ದರೆ ಸಂದಿಯಿಂದಲೇ ಕಚ್ಚುತ್ತವೆ. ಪಶುವೈದ್ಯರ ಹತ್ತಿರ ಬೀಜ ತೆಗೆಸಿದರೂ ಮಾರನೇ ದಿನವೇ ತಣ್ಣಗಾಗಲ್ಲ, ಕೆಲವು ವಾರ ಬೇಕು.

ನನ್ನ ಕೇಳಿದರೆ, ಐದಾರು ಹೆಣ್ಣಿರುವ ಮನೆಮಟ್ಟದ ಸಾಕಣೆಗೆ ಒಂದು ಗಂಡು ಸಾಕು. ಮಿಕ್ಕ ಗಂಡು ಮರಿಗಳನ್ನು 3 ತಿಂಗಳೊಳಗೆ ಮಾರಿಬಿಡಿ. ಜೊತೆ ಬಿಡುವಾಗ ಮಾತ್ರ ಹೆಣ್ಣನ್ನೇ ಗಂಡಿನ ಪಂಜರಕ್ಕೆ ಒಯ್ಯಿರಿ. ಗಂಡನ್ನು ಅದರ ಪಂಜರಕ್ಕೆ ಬಿಟ್ಟರೆ ತನ್ನ ಜಾಗಕ್ಕೆ ಬಂದ ಅಂತ ಹೆಣ್ಣೇ ಮೇಲೆ ಬೀಳುತ್ತೆ.