ಟೈರಿನ ತೋಡುಗಳೂ ಮಳೆಯ ನೀರೂ

ಮೋಟಾರು ಗಾಡಿಯ ಟೈರಿನ ಮೈಮೇಲೆ ತೋಡುಗಳಿರುವುದನ್ನು ಎಲ್ಲರೂ ಕಂಡಿದ್ದಾರೆ. ಅವು ಏತಕ್ಕೆಂದು ಕೇಳಿದರೆ, ರಸ್ತೆಯನ್ನು ಬಿಗಿಯಾಗಿ ಹಿಡಿಯುವುದಕ್ಕೆ ಎಂಬ ಉತ್ತರ ಸಾಮಾನ್ಯವಾಗಿ ದೊರೆಯುತ್ತದೆ. ಈ ಉತ್ತರ ಪೂರ್ತಿ ಸರಿಯಲ್ಲ. ಪಂದ್ಯದ ಕಾರುಗಳಿಗೆ ಒಣ ಹಾದಿಯಲ್ಲಿ ಓಡುವಾಗ ತೋಡೇ ಇಲ್ಲದ ನುಣುಪಾದ ಟೈರುಗಳನ್ನು ತೊಡಿಸುವುದುಂಟು. ಮಳೆ ಬಂದೊಡನೆ ಅವನ್ನು ಕಳಚಿ ತೋಡುಳ್ಳವನ್ನು ಹಾಕುತ್ತಾರೆ. ಒಣ ರಸ್ತೆಯಲ್ಲಿ ಹಿಡಿತವನ್ನು ಕೊಡುವುದು ರಬ್ಬರಿಗೂ ನೆಲಕ್ಕೂ ಇರುವ ನೇರ ಸಂಪರ್ಕ. ತೋಡುಗಳು ಹೆಚ್ಚಿದಷ್ಟೂ ಆ ಸಂಪರ್ಕ ಕಡಿಮೆಯೇ ಆಗುತ್ತದೆ. ತೋಡುಗಳ ಮುಖ್ಯ ಕೆಲಸ ಬೇರೆ: ಅವು ನೀರು ಹರಿದುಹೋಗಲು ಮಾಡಿದ ಕಾಲುವೆಗಳು.

ಸವೆದ ಟೈರು ನಮ್ಮನ್ನು ವಂಚಿಸುವುದು ಇದರಿಂದಲೇ. ಬೇಸಗೆಯುದ್ದಕ್ಕೂ ಅದು ಯಾವ ದೂರಿಗೂ ಎಡೆಗೊಡದೆ ಓಡುತ್ತದೆ. ಬ್ರೇಕು ಒತ್ತಿದರೆ ಗಾಡಿ ನಿಲ್ಲುತ್ತದೆ. ಇನ್ನಾರು ತಿಂಗಳು ಬಾಳಿಕೆ ಬಂದೀತೆಂದು ಯಜಮಾನನು ಸಮಾಧಾನ ತಾಳುತ್ತಾನೆ. ಅಷ್ಟರಲ್ಲಿ ಮುಂಗಾರು ಬರುತ್ತದೆ.

ಮಳೆಯಲ್ಲಿ ನಡೆಯುವುದೇನು ಎಂಬುದನ್ನು ಚಿಕ್ಕದೊಂದು ಲೆಕ್ಕದಿಂದ ತಿಳಿಯಬಹುದು. ೧,೨೦೦ ಕಿಲೋಗ್ರಾಂ ತೂಕದ ಕಾರಿನಲ್ಲಿ ಒಂದೊಂದು ಗಾಲಿಯ ಮೇಲೆ ಬೀಳುವ ಭಾರ ಸುಮಾರು ೩೦೦ ಕಿಲೋಗ್ರಾಂ. ಟೈರಿನೊಳಗೆ ೩೦ ಪೌಂಡು ಗಾಳಿ ಇದೆಯೆನ್ನಿ. ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ೨.೧ ಕಿಲೋಗ್ರಾಂ ಒತ್ತಡ. ಭಾಗಿಸಿದರೆ, ಟೈರು ನೆಲವನ್ನು ಮುಟ್ಟುವ ವಿಸ್ತೀರ್ಣ ಸ್ಥೂಲವಾಗಿ ೧೪೦ ಚದರ ಸೆಂಟಿಮೀಟರು, ಬೆರಳುಗಳೂ ಸೇರಿದಂತೆ ಒಂದು ಅಂಗೈಯಷ್ಟು! ಇಂಥ ನಾಲ್ಕು ಅಂಗೈಗಳನ್ನು ನಂಬಿ ಇಡೀ ಸಂಸಾರ ಘಟ್ಟವನ್ನು ಇಳಿಯುತ್ತದೆ. ಇನ್ನು ನೀರಿನ ಲೆಕ್ಕ. ರಸ್ತೆಯ ಮೇಲೆ ೩ ಮಿಲಿಮೀಟರು ನೀರು ನಿಂತಿದೆ, ಟೈರಿನ ಅಗಲ ೧೮ ಸೆಂಟಿಮೀಟರು, ವೇಗ ಗಂಟೆಗೆ ೭೨ ಕಿಲೋಮೀಟರು, ಅಂದರೆ ಸೆಕೆಂಡಿಗೆ ೨೦ ಮೀಟರು. ಮೂರನ್ನೂ ಗುಣಿಸಿದರೆ, ಪ್ರತಿ ಸೆಕೆಂಡಿಗೂ ಹತ್ತು ಲೀಟರಿಗಿಂತ ಹೆಚ್ಚು ನೀರನ್ನು ಒಂದೊಂದು ಟೈರೂ ಹೊರದೂಡಬೇಕಾಗುತ್ತದೆ. ಟೈರಿನ ಯಾವುದೇ ಭಾಗವು ನೆಲಕ್ಕೆ ತಗುಲಿರುವ ಅವಧಿಯಾದರೋ ಸೆಕೆಂಡಿನ ನೂರರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರಲ್ಲಿ ತೋಡುಗಳು ನೀರಿಗೆ ಎಡೆಗೊಡಬೇಕು.

ಎಡೆ ಸಾಲದಿದ್ದರೆ ನೀರು ಟೈರಿನ ಮುಂದೆ ಬೆಣೆಯಂತೆ ಒಟ್ಟುಗೂಡುತ್ತದೆ. ಈ ಬೆಣೆಯ ಒತ್ತಡವು ವೇಗದ ವರ್ಗಕ್ಕೆ ಅನುಸಾರವಾಗಿ ಏರುತ್ತದೆ. ಅದು ಸಾಕಷ್ಟು ಏರಿದಾಗ ಟೈರು ನೆಲವನ್ನು ಬಿಟ್ಟು ನೀರಿನ ಮೇಲೆ ತೇಲುತ್ತದೆ. ಆಗ ಸ್ಟಿಯರಿಂಗ್ ತಿರುಗಿಸಿದರೆ ಗಾಲಿ ತಿರುಗೀತು, ಗಾಡಿ ತಿರುಗದು. ನಾಸಾ ಸಂಸ್ಥೆಯ ಲ್ಯಾಂಗ್ಲಿ ಕೇಂದ್ರದ ಹಾರ್ನ್ ಮತ್ತು ಡ್ರೆಹರ್ ಎಂಬವರು ಮುಖ್ಯವಾಗಿ ವಿಮಾನದ ಗಾಲಿಗಳನ್ನು ಕುರಿತು ಶೋಧನೆ ನಡೆಸಿ, ೧೯೬೩ರಲ್ಲಿ ಇದಕ್ಕೊಂದು ಸರಳ ಸೂತ್ರವನ್ನು ಪ್ರಕಟಿಸಿದರು: ಗಾಳಿಯ ಒತ್ತಡವನ್ನು ಪೌಂಡಿನಲ್ಲಿ ಹೇಳಿ, ಅದರ ವರ್ಗಮೂಲವನ್ನು ೯ರಿಂದ ಗುಣಿಸಿದರೆ, ತೇಲುವ ವೇಗವು ನಾಟ್‌ಗಳಲ್ಲಿ ದೊರೆಯುತ್ತದೆ. ೩೦ ಪೌಂಡಿಗೆ ಇದು ಗಂಟೆಗೆ ಸುಮಾರು ೯೧ ಕಿಲೋಮೀಟರು. ಗಾಳಿ ೨೦ ಪೌಂಡಿಗೆ ಇಳಿದಿದ್ದರೆ ಸುಮಾರು ೭೫ ಮಾತ್ರ. ಈ ಸೂತ್ರ ಅನ್ವಯಿಸುವುದು ಬೋಳು ಟೈರಿಗೆ, ಅಥವಾ ತೋಡಿನ ಆಳವನ್ನು ಮೀರಿ ನೀರು ನಿಂತಾಗ. ಪೂರ್ತಿ ತೇಲುವುದಕ್ಕೆ ಬಹಳ ಮುಂಚೆಯೇ ಹಿಡಿತ ಕುಂದತೊಡಗುತ್ತದೆ ಎಂಬುದನ್ನೂ ನೆನಪಿನಲ್ಲಿಡಬೇಕು.

ಕಾರಿನ ಹೊಸ ಟೈರಿನಲ್ಲಿ ತೋಡಿನ ಆಳ ಸುಮಾರು ೮ ಮಿಲಿಮೀಟರು. ನಮ್ಮ ದೇಶದ ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅದು ಕಾರಿನಲ್ಲಿ ೧.೬ ಮಿಲಿಮೀಟರಿಗೂ, ದ್ವಿಚಕ್ರ ವಾಹನದಲ್ಲಿ ೦.೮ ಮಿಲಿಮೀಟರಿಗೂ ಕಡಿಮೆಯಾಗಕೂಡದು. ಅಳೆಯಲು ದೊಡ್ಡ ಉಪಕರಣವೇನೂ ಬೇಡ. ತೋಡಿನ ತಳದಲ್ಲಿ ಅಲ್ಲಲ್ಲಿ ರಬ್ಬರಿನ ಪುಟ್ಟ ದಿಣ್ಣೆಗಳಿರುತ್ತವೆ. ಅವು ಎಲ್ಲಿವೆಯೆಂಬುದನ್ನು ಟೈರಿನ ಅಂಚಿನಲ್ಲಿ ಚಿಕ್ಕ ತ್ರಿಕೋನದಿಂದಲೋ ‘ಟಿ.ಡಬ್ಲ್ಯು.ಐ.’ ಎಂಬ ಅಕ್ಷರಗಳಿಂದಲೋ ಗುರುತಿಸಿರುತ್ತಾರೆ. ಮೇಲ್ಮೈ ಸವೆದು ಈ ದಿಣ್ಣೆಗಳ ಮಟ್ಟಕ್ಕೆ ಬಂದರೆ ಟೈರಿನ ಆಯುಷ್ಯ ತೀರಿತು. ಆದರೆ ೧.೬ ಎಂಬುದು ಕಾನೂನಿನ ಗಡಿ. ಮಳೆ ಕಾನೂನನ್ನು ಓದುವುದಿಲ್ಲ. ಮೇಲಿನ ಲೆಕ್ಕದ ೩ ಮಿಲಿಮೀಟರು ನೀರಿಗೆ ೧.೬ ಮಿಲಿಮೀಟರಿನ ತೋಡು ಹೇಗೆ ಸಾಲಬೇಕು? ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಓಡಾಡುವವರು ೩ ಮಿಲಿಮೀಟರು ಉಳಿದಿರುವಾಗಲೇ ಟೈರು ಬದಲಾಯಿಸುವುದು ಲೇಸೆಂದು ನನ್ನ ಅಭಿಪ್ರಾಯ.

ಅಳೆಯುವಾಗ ಒಂದೇ ಕಡೆ ನೋಡಿದರೆ ಸಾಲದು. ಗಾಳಿ ಅತಿಯಾಗಿದ್ದರೆ ನಡುಭಾಗವೂ, ಕಡಿಮೆಯಾಗಿದ್ದರೆ ಎರಡು ಅಂಚುಗಳೂ ಬೇಗ ಸವೆಯುತ್ತವೆ. ಒಂದೇ ಅಂಚು ಸವೆದಿದ್ದರೆ ಗಾಲಿಗಳ ಅಲೈನ್‌ಮೆಂಟ್ ತಪ್ಪಿದೆಯೆಂದು ಊಹಿಸಬಹುದು. ಅದನ್ನು ಸರಿಪಡಿಸದೆ ಹೊಸ ಟೈರು ಹಾಕಿಸುವುದು ಹಣವನ್ನು ರಸ್ತೆಗೆ ತೇದಂತೆ. ಪಕ್ಕದ ಗೋಡೆ ಉಬ್ಬಿದ್ದರೆ ಒಳಗಿನ ನೂಲುಗಳು ಹರಿದಿವೆಯೆಂದು ಅರ್ಥ. ಅಂಥ ಟೈರನ್ನು ತೋಡು ಎಷ್ಟೇ ಆಳವಿರಲಿ, ಕೂಡಲೆ ತೆಗೆಯಬೇಕು. ಎರಡೇ ಹೊಸ ಟೈರುಗಳನ್ನು ಕೊಂಡಾಗ ಅವನ್ನು ಹಿಂದಿನ ಗಾಲಿಗಳಿಗೆ ಹಾಕಿಸುವುದು ಕ್ಷೇಮ. ಒದ್ದೆ ತಿರುವಿನಲ್ಲಿ ಹಿಂಗಾಲಿಗಳು ಜಾರಿದರೆ ಗಾಡಿ ಗಿರ್ರನೆ ಸುತ್ತುತ್ತದೆ; ಅದನ್ನು ಹತೋಟಿಗೆ ತರುವುದು ಮುಂಗಾಲಿಗಳು ಜಾರಿದಾಗಿಗಿಂತ ಬಹಳ ಕಷ್ಟ.

ಓಡದೆ ನಿಂತ ಟೈರೂ ಮುಪ್ಪಾಗುತ್ತದೆ. ಗಾಳಿಯಲ್ಲಿರುವ ಆಮ್ಲಜನಕವೂ ಅತ್ಯಲ್ಪ ಪ್ರಮಾಣದ ಓಜೋನೂ ರಬ್ಬರಿನ ಅಣುಸರಪಳಿಗಳನ್ನು ಕ್ರಮೇಣ ಕೆಡಿಸುತ್ತವೆ. ಆಗ ಪಕ್ಕದ ಗೋಡೆಯಲ್ಲಿ ನವುರಾದ ಬಿರುಕುಗಳು ಕಾಣಿಸಿಕೊಳ್ಳುತ್ತವೆ. ಇದನ್ನು ತಡೆಯಲು ರಬ್ಬರಿಗೆ ಮೇಣವನ್ನು ಬೆರೆಸಿರುತ್ತಾರೆ. ಟೈರು ಓಡುತ್ತ ಬಳುಕಿದಂತೆ ಆ ಮೇಣ ಮೇಲ್ಮೈಗೆ ಒಸರಿ ರಕ್ಷಣೆ ಕೊಡುತ್ತದೆ; ನಿಂತ ಗಾಡಿಗೆ ಆ ಭಾಗ್ಯ ಕಡಿಮೆ. ಟೈರಿನ ಹುಟ್ಟಿದ ದಿನ ಅದರ ಪಕ್ಕದಲ್ಲೇ ನಾಲ್ಕು ಅಂಕೆಗಳಲ್ಲಿ ಅಚ್ಚಾಗಿರುತ್ತದೆ. ೨೩೧೯ ಎಂದಿದ್ದರೆ ೨೦೧೯ನೆಯ ಇಸವಿಯ ೨೩ನೆಯ ವಾರ. ಐದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕೆಂದೂ, ಹತ್ತು ವರ್ಷವಾದರೆ ಹೇಗಿದ್ದರೂ ಬದಲಾಯಿಸಬೇಕೆಂದೂ ಹಲವು ತಯಾರಕರ ಸಲಹೆ.

ಈ ಅಂಕೆಗಳನ್ನು ಓದುವಾಗ ಎಲ್ಲರೂ ಮರೆಯುವುದು ಐದನೆಯ ಗಾಲಿಯನ್ನು. ನಾವು ಅದನ್ನು ಸ್ಟೆಪ್ನಿ ಎಂದು ಕರೆಯುವುದು ವೇಲ್ಸಿನ ಲಾನೆಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ. ೧೯೦೪ರ ಸುಮಾರಿಗೆ ಬಿಡಿ ಗಾಲಿಯನ್ನು ರೂಪಿಸಿದವರು ಅಲ್ಲಿಯವರು. ಡಿಕ್ಕಿಯ ಕತ್ತಲೆಯಲ್ಲಿ ಮಲಗಿರುವ ಅದರ ತೋಡುಗಳು ಹೊಸದರಂತೆಯೇ ಆಳವಾಗಿರಬಹುದು, ವಯಸ್ಸು ಮಾತ್ರ ಹನ್ನೆರಡಾಗಿರಬಹುದು.