ಸರ್ಜಾನ ಲೆಕ್ಕದ ಪುಟ

ಅಪ್ಪನ ವಹಿಯಲ್ಲಿ ಒಂದು ಪುಟದ ತಲೆಗೆ ‘ಸರ್ಜಾ’ ಎಂದಷ್ಟೇ ಬರೆದಿದೆ. ಇಪ್ಪತ್ಮೂರು ದಿನದ ಲೆಕ್ಕ, ಒಟ್ಟು 15,700 ರೂಪಾಯಿ. ಮೊದಲ ನಾಲ್ಕು ದಿನಕ್ಕೆ 9,600 ಹೋಗಿದೆ. ಉಳಿದ ಹತ್ತೊಂಬತ್ತು ದಿನಕ್ಕೆ 3,000. ಮಣ್ಣು ಮಾಡಲು 3,100. ಆ 9,600ರಿಂದ ನಮ್ಮ ಎತ್ತಿಗೆ ಒಂದು ಗಳಿಗೆಯ ಸುಖವೂ ಸಿಗಲಿಲ್ಲ. 3,000ದಲ್ಲಿ ಅವನು ನೋವು ಕಡಿಮೆಯಾಗಿ ಮಲಗಿದ, ಮೆಲುಕು ಹಾಕಿದ, ಅವ್ವನ ಕೈಯಿಂದ ನೀರು ಕುಡಿದ. ಮುದಿ ಎತ್ತು, ಗೊಡ್ಡು ಆಕಳು, ಕಣ್ಣು ಕಾಣದ ನಾಯಿ ಇರುವ ಮನೆಯವರು ಆಗಾಗ ನನ್ನನ್ನು ಕೇಳುವುದುಂಟು: ಇದಕ್ಕೆ ಎಷ್ಟು ಖರ್ಚು ಮಾಡಬೇಕು? ಅದಕ್ಕೇ ಈ ಸಲ ಆ ಪುಟವನ್ನು ಬಿಚ್ಚಿಡುತ್ತಿದ್ದೇನೆ.

ನಮ್ಮ ಊರು ಬೀದರ ಜಿಲ್ಲೆಯ ಮನ್ನಳ್ಳಿ. ಸರ್ಜಾ ದೇವಣಿ ತಳಿಯವನು, ವನ್ನೇರಾ ಬಣ್ಣ. ಮೈಯೆಲ್ಲ ಬಿಳಿ, ಮುಖಕ್ಕೆ ಮಾತ್ರ ಮಸಿ ಬಳಿದ ಹಾಗೆ ಕಪ್ಪು. ಲಾತೂರ ಜಿಲ್ಲೆಯ ದೇವಣಿ ಊರಿನಿಂದ ಹೆಸರು ಪಡೆದ ಈ ತಳಿಯನ್ನು ಔರಾದ, ಭಾಲ್ಕಿ, ಬೀದರಿನ ರೈತರು ತಲೆತಲಾಂತರದಿಂದ ಸಾಕಿದ್ದಾರೆ. ಎರಡು ಹಲ್ಲಿನ ಹೋರಿಯಾಗಿದ್ದಾಗ ಅಪ್ಪ ಅವನನ್ನೂ ಅವನ ಜೋಡಿ ರಾಜಾನನ್ನೂ ಉದಗೀರ ಕಡೆಯಿಂದ ತಂದರು. ಹದಿನಾಲ್ಕು ವರ್ಷ ನಮ್ಮ ಹೊಲದಲ್ಲೂ ಮಂದಿಯ ಹೊಲದಲ್ಲೂ ಗಳೆ ಹೊಡೆದರು. ನನ್ನ ಕಾಲೇಜಿನ ಫೀ ಆ ಬಾಡಿಗೆ ಗಳೆಯ ರೊಕ್ಕ. ರಾಜಾ ಮೊದಲೇ ತೀರಿಕೊಂಡ. ಆಮೇಲೆ ಟ್ರ್ಯಾಕ್ಟರು ಬಂತು, ಸರ್ಜಾ ಮೂರು ವರ್ಷ ನೊಗ ಕಾಣದೆ ಕೊಟ್ಟಿಗೆಯಲ್ಲಿ ಉಳಿದ.

ಕೆಲಸವಿಲ್ಲದ ಎತ್ತನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಲೆಕ್ಕದವನಾದ ನಾನೇ ಒಮ್ಮೆ ಕೇಳಿದ್ದೆ. ಆಗಿನ ಲೆಕ್ಕಕ್ಕೆ ಮೇವು, ಹಿಂಡಿ ಸೇರಿ ತಿಂಗಳಿಗೆ ಎರಡೂವರೆ ಸಾವಿರದ ಹತ್ತಿರ ಬೀಳುತ್ತಿತ್ತು. ಅಪ್ಪ ತಿಪ್ಪೆಯ ಕಡೆ ಕೈ ಮಾಡಿ, “ಅವನ ಸಗಣಿ ನನ್ನ ತೊಗರಿಗಿ ಹೋಗ್ತದ. ನೀ ಬರೇ ಹೋಗೂದಷ್ಟೇ ಬರೀತಿ, ಬರೂದು ಬರೆಯಂಗಿಲ್ಲ” ಎಂದರು. ಆ ಮಾತು ನಿಜವಿತ್ತು. ಮಾರುವ ಮಾತಂತೂ ಮನೆಯಲ್ಲಿ ಯಾರೂ ಎತ್ತಲಿಲ್ಲ. 2021ರ ಆರಂಭದಲ್ಲಿ ರಾಜ್ಯದ ಜಾನುವಾರು ಹತ್ಯೆ ಪ್ರತಿಬಂಧಕ ಕಾನೂನು ಜಾರಿಗೆ ಬಂದ ಮೇಲೆ ಮುದಿ ಎತ್ತನ್ನು ಕೊಳ್ಳುವವರೂ ಇಲ್ಲ. ಎತ್ತು ಕಟ್ಟಿದವನು ಅದರ ಮುಪ್ಪನ್ನೂ ತನ್ನ ಖರ್ಚಿನಲ್ಲೇ ಸೇರಿಸಿಕೊಳ್ಳಬೇಕು. ಬೀಜ, ಗೊಬ್ಬರದ ಲೆಕ್ಕ ಇಡುವ ರೈತನೂ ಈ ಖರ್ಚನ್ನು ಬರೆದಿಡುವುದು ಕಡಿಮೆ.

ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಂಡು ಬಂದೆವು. ಮೂರನೆಯ ದಿನ ಬೆಳಗ್ಗೆ ಸರ್ಜಾ ಏಳಲಿಲ್ಲ. ಮುಂಗಾಲು ಊರಿ ಎರಡು ಸಲ ಯತ್ನಿಸಿದ, ಹಿಂಗಾಲು ಬರಲಿಲ್ಲ. ಅವನಿಗೆ ಆಗ ಹತ್ತೊಂಬತ್ತು ದಾಟಿತ್ತು.

ಸುದ್ದಿ ಕೇಳಿ ಬೀದರಿನಿಂದ ಓಡಿಹೋದ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಊರೂರು ತಿರುಗಿ ಸೂಜಿ ಹಾಕುವವನೊಬ್ಬನನ್ನು ಕರೆಸಿದೆ. ಅವನು ವೈದ್ಯನಲ್ಲ ಎಂಬುದು ನನಗೆ ಗೊತ್ತಿತ್ತು, ಆದರೆ ಅವನು ಕೂಡಲೇ ಬರುತ್ತಾನೆ ಎಂಬುದೂ ಗೊತ್ತಿತ್ತು. ಎರಡು ದಿನ ಸಲೈನು, ಸೂಜಿ: 4,500. ಶಕ್ತಿ ಬರಲಿ ಎಂದು ಕ್ಯಾಲ್ಸಿಯಂ ಬಾಟಲಿ, ಟಾನಿಕ್ಕು: 1,900. ಅವನು ಬಿದ್ದ ನಾಲ್ಕನೆಯ ದಿನ ಎಂಟು ಮಂದಿ ಸೇರಿ ಹಗ್ಗ ಹಾಕಿ ಟೆಂಪೋಗೆ ಏರಿಸಿ ಪಟ್ಟಣಕ್ಕೆ ಒಯ್ದೆವು: ಬಾಡಿಗೆ, ಆಳು ಸೇರಿ 3,200. ದಾರಿಯಲ್ಲಿ ಟೆಂಪೋದ ತಗಡಿಗೆ ಉಜ್ಜಿ ಸೊಂಟದ ಚರ್ಮ ಕಿತ್ತುಬಂತು. ಅಲ್ಲಿ ನೋಡಿದ ಡಾಕ್ಟರು ಮುಟ್ಟಿ, ಬಗ್ಗಿಸಿ, ಹಲ್ಲು ನೋಡಿ, ಅಪ್ಪನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: “ಕಾಕಾ, ಇವ ಇನ್ನ ಎದ್ದು ನಿಲ್ಲಂಗಿಲ್ಲ. ನಿಂದರಸಾಕ ರೊಕ್ಕ ಹಾಕಬ್ಯಾಡ್ರಿ. ಬ್ಯಾನಿ ಆಗಲಾರದಂಗ ನೋಡ್ಕೊಳ್ರಿ, ಅಷ್ಟೇ ನಮ್ಮ ಕೈಯಾಗಿರೂದು.”

ಅದನ್ನು ಹೇಳಿಸಿಕೊಳ್ಳಲು ಎತ್ತನ್ನು ಟೆಂಪೋಗೆ ಏರಿಸಬೇಕಾಗಿರಲಿಲ್ಲ. 1962 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಮನೆ ಬಾಗಿಲಿಗೆ ಬರುವ ವ್ಯವಸ್ಥೆ ಇದೆ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರ ಇರುವುದೇ ನಮ್ಮ ಬೀದರಿನ ನಂದಿನಗರದಲ್ಲಿ. ಅಂಥ ಜಿಲ್ಲೆಯಲ್ಲಿ ಹುಟ್ಟಿದ ನಾನು ಗಾಬರಿಯಲ್ಲಿ ಇದ್ಯಾವುದನ್ನೂ ನೆನೆಯಲಿಲ್ಲ. ಅವ್ವನ ಅಳು ನಿಲ್ಲಿಸಲು, ಏನಾದರೂ ಮಾಡಿದೆ ಎಂದು ನನಗೆ ನಾನೇ ಹೇಳಿಕೊಳ್ಳಲು ಆ 9,600 ಹೋಯಿತು. ಅದನ್ನು ಸರ್ಜಾನ ಹೆಸರಿಗೆ ಬರೆದದ್ದು ಅನ್ಯಾಯ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮನೆಗೆ ತಂದ ಮೇಲಿನ ಹತ್ತೊಂಬತ್ತು ದಿನದ ಆರೈಕೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅದರಲ್ಲಿ ಬಹುಪಾಲು ರೊಕ್ಕದಿಂದ ಆಗುವಂಥದ್ದಲ್ಲ.

ಬಿದ್ದ ದನಕ್ಕೆ ಮೊದಲ ಶತ್ರು ಅದರ ತೂಕ. ನಾಲ್ಕು ಕ್ವಿಂಟಾಲಿನ ಮೈ ಒಂದೇ ಮಗ್ಗುಲಿಗೆ ಕೂತರೆ ಕೆಳಗಿನ ಕಾಲಿಗೆ ರಕ್ತ ಹರಿಯುವುದಿಲ್ಲ, ಮಾಂಸ ಸಾಯುತ್ತದೆ, ಎಲುಬಿನ ಮೇಲಿನ ಚರ್ಮ ಹುಣ್ಣಾಗುತ್ತದೆ. ಫರ್ಸಿ ಕಲ್ಲಿನ ನೆಲದಿಂದ ಅವನನ್ನು ಮಣ್ಣಿನ ನೆಲಕ್ಕೆ ಎಳೆದೆವು. ಪಕ್ಕದ ಹೊಲದ ಕಬ್ಬಿನ ರವದಿ ಮೊಣಕಾಲೆತ್ತರ ಹಾಸಿದೆವು, ಅದರ ಮೇಲೆ ಹಳೆಯ ತಟ್ಟು. ರವದಿ ಪುಕ್ಕಟೆ ಬಂತು. ತೊಯ್ದದ್ದನ್ನು ದಿನವೂ ತೆಗೆದು ಒಣಗಿದ್ದು ಹಾಕುವುದು. ನಾಲ್ಕು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು, ರಾತ್ರಿಯೂ. ಇದಕ್ಕೆ ನಾಲ್ಕು ಮಂದಿ ಬೇಕು. ಓಣಿಯ ಹುಡುಗರು ಬಂದರು. ಅವರ ಚಹಾ, ಸಕ್ಕರೆ ಖರ್ಚು 600 ಎಂದು ಅಪ್ಪ ಬರೆದಿದ್ದಾರೆ. ಇಡೀ ಪುಟದಲ್ಲಿ ನನಗೆ ಅತ್ಯಂತ ಸಾರ್ಥಕವೆನಿಸುವ ಖರ್ಚು ಅದು.

ಎರಡನೆಯದು ಕೂರುವ ಭಂಗಿ. ದನ ಎದೆಯ ಮೇಲೆ ಕೂತಿರಬೇಕು, ಪೂರ್ತಿ ಅಡ್ಡ ಬೀಳಬಾರದು. ಅಡ್ಡ ಬಿದ್ದರೆ ಹೊಟ್ಟೆಯ ಗಾಳಿ ತೇಗಿನಲ್ಲಿ ಹೊರಬರುವುದಿಲ್ಲ, ಉಬ್ಬರ ಬಂದು ಉಸಿರು ಕಟ್ಟುತ್ತದೆ. ನಾಲ್ಕು ಗೋಣಿಚೀಲಕ್ಕೆ ತೊಗರಿ ಹೊಟ್ಟು ತುಂಬಿ ಎರಡೂ ಪಕ್ಕೆಗೆ ಒತ್ತಿಟ್ಟೆವು. ಅಂದೇ ಸಂಜೆ ಅವನು ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಮೆಲುಕು ಹಾಕಿದ. ಅಪ್ಪ ಮೂಗುದಾರ ಕೊಯ್ದು ತೆಗೆದರು. “ಇನ್ನ ಯಾಕ ಬೇಕ ಅವನಿಗಿ” ಎಂದರು.

ಊಟದ ವಿಷಯದಲ್ಲಿ ಪ್ರೀತಿಯೇ ಅಪಾಯ. ಅವ್ವ ಜೋಳದ ನುಚ್ಚಿನ ಗಂಜಿ ಕೊಡ ತುಂಬ ಕಾಯಿಸಿದ್ದಳು. ದನದ ಹೊಟ್ಟೆ ನಾರು ಅರಗಿಸಲು ಆದದ್ದು. ನುಚ್ಚು, ಹಿಟ್ಟು, ಹಬ್ಬದ ಹೋಳಿಗೆ ಒಮ್ಮೆಲೇ ಬಿದ್ದರೆ ಅಲ್ಲಿ ಹುಳಿ ಎದ್ದು ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಸರ್ಜಾನನ್ನು ನೋಡಲು ಬಂದ ಸರ್ಕಾರಿ ಡಾಕ್ಟರು ಹೊತ್ತಿಗೆ ಒಂದು ಬೊಗಸೆ ಸಾಕು ಎಂದರು. ಸವೆದ ಹಲ್ಲಿಗೆ ಕಣಿಕೆ ಅಗಿಯಲು ಆಗುವುದಿಲ್ಲ, ಅರ್ಧ ಅಗಿದು ಉಗುಳುತ್ತಿದ್ದ. ಸಣ್ಣಗೆ ಕತ್ತರಿಸಿ, ಅರ್ಧ ತಾಸು ನೀರಲ್ಲಿ ನೆನೆಸಿ, ಮೇಲೆ ಚೂರು ಬೆಲ್ಲ ಉದುರಿಸಿ ಕೊಟ್ಟರೆ ತಿಂದ. ಹಿಂಡಿ, ಬೆಲ್ಲ, ನುಚ್ಚು ಎಲ್ಲ ಸೇರಿ 900. ಗೊಟ್ಟ ಹಾಕಿ ಕುಡಿಸುವುದನ್ನು ಡಾಕ್ಟರು ಕಟ್ಟುನಿಟ್ಟಾಗಿ ಬೇಡವೆಂದರು. ನುಂಗುವ ಶಕ್ತಿ ಕುಂದಿದ ದನಕ್ಕೆ ಸುರಿದದ್ದು ಶ್ವಾಸನಾಳಕ್ಕೆ ಇಳಿಯುತ್ತದೆ. ಬುಟ್ಟಿ ಬಾಯಿಯ ಹತ್ತಿರ ಹಿಡಿದು ಅವನಾಗಿ ಕುಡಿದಷ್ಟೇ ನೀರು. ಅವ್ವ ಬೆಳಗಿನ ಚಹಾಕ್ಕೂ ಮುಂಚೆ ಆ ಬುಟ್ಟಿ ಹಿಡಿದು ಕೂರುತ್ತಿದ್ದಳು, ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡು. ಬೀದರಿನ ಪುಷ್ಯದ ಚಳಿ ಕೆಲವು ರಾತ್ರಿ ಹತ್ತು ಡಿಗ್ರಿಗಿಂತ ಕೆಳಗೂ ಇಳಿಯುತ್ತದೆ. ಅವನ ಬೆನ್ನಿಗೆ ಹಳೆಯ ಕೌದಿ ಹೊದಿಸಿದ್ದೆವು.

ಟೆಂಪೋದಲ್ಲಿ ಆದ ಗಾಯಕ್ಕೆ ಉಪ್ಪುನೀರಲ್ಲಿ ತೊಳೆತ, ಅಯೋಡಿನ್ ಔಷಧಿ, ಸುತ್ತಲೂ ನೊಣ ಬಾರದಂತೆ ಬೇವಿನೆಣ್ಣೆ. ಕಾಗೆಗಳ ಕಾಟ ನನಗೆ ಗೊತ್ತಿರಲಿಲ್ಲ. ಬಿದ್ದ ದನದ ಹುಣ್ಣನ್ನು ಅವು ಜೀವವಿರುವಾಗಲೇ ಕುಕ್ಕುತ್ತವೆ. 350 ರೂಪಾಯಿಯ ಬಲೆ ಕಟ್ಟಿದ ಮೇಲೆ ಅಪ್ಪ ಹಗಲು ಸ್ವಲ್ಪ ಕಣ್ಣು ಮುಚ್ಚಿದರು.

ರೊಕ್ಕವನ್ನು ಹಿಂದೆಮುಂದೆ ನೋಡದೆ ಹಾಕಬೇಕಾದದ್ದು ನೋವಿನ ಔಷಧಿಗೆ, ಅದೂ ಮೊದಲ ದಿನದಿಂದಲೇ. ಸರ್ಜಾಗೆ ಕೊಟ್ಟದ್ದು ಮೆಲಾಕ್ಸಿಕಾಂ. ಗಾಯದ ಮದ್ದೂ ಸೇರಿ 1,150. ಎಷ್ಟು, ಎಷ್ಟು ದಿನ ಎಂಬುದನ್ನು ಡಾಕ್ಟರೇ ಹೇಳಬೇಕು, ನೀರು ಕುಡಿಯದ ದನದ ಮೂತ್ರಪಿಂಡಕ್ಕೆ ಅದೂ ಕಷ್ಟ. ಅಗ್ಗಕ್ಕೆ ಸಿಗುತ್ತದೆಂದು ಮನುಷ್ಯರ ಡೈಕ್ಲೋಫೆನಾಕ್ ಸೂಜಿಯನ್ನು ದನಕ್ಕೆ ಹಾಕುವವರು ಇದ್ದಾರೆ. 2006ರಲ್ಲೇ ಅದನ್ನು ಜಾನುವಾರುಗಳಿಗೆ ನಿಷೇಧಿಸಲಾಗಿದೆ, ಯಾಕೆಂದರೆ ಅಂಥ ದನ ಸತ್ತ ಮೇಲೆ ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ನಾಶವಾಗಿ ದೇಶದ ರಣಹದ್ದುಗಳ ಸಂತತಿಯೇ ಅಳಿವಿನಂಚಿಗೆ ಬಂತು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ನಿಷೇಧವಾದವು. ಪಟ್ಟಣದ ಮನೆಗಳಲ್ಲಿ ಮುದಿ ನಾಯಿ, ಬೆಕ್ಕು ಇರುವವರಿಗೂ ಇದೇ ಮಾತು: ನಿಮ್ಮ ಡಬ್ಬಿಯ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಒಂದೇ ಪ್ಯಾರಾಸಿಟಮಾಲ್ ಬೆಕ್ಕಿನ ಜೀವ ತೆಗೆಯಬಲ್ಲದು.

ಕೊನೆಯ ಸೂಜಿಯ ಮಾತನ್ನೂ ಡಾಕ್ಟರು ಒಮ್ಮೆ ಮೆಲ್ಲಗೆ ತೆಗೆದರು. ಔಷಧಿಗೂ ಬಗ್ಗದ ನೋವು ಬಂದರೆ ಕರೆಯಿರಿ, ಕಾನೂನಿನ ಚೌಕಟ್ಟು ನೋಡಿ ಏನು ಸಾಧ್ಯವೋ ಹೇಳುತ್ತೇನೆ ಎಂದರು. ಅವ್ವ ಎದ್ದು ಒಳಗೆ ಹೋದಳು. ಅಪ್ಪ ಏನೂ ಹೇಳಲಿಲ್ಲ. ಆ ಸ್ಥಿತಿ ಬಂದಿದ್ದರೆ ನಾನು ಒಪ್ಪುತ್ತಿದ್ದೆ, ಅವ್ವನ ಎದುರಿಗೂ ಒಪ್ಪುತ್ತಿದ್ದೆ. ನರಳುವ ಜೀವವನ್ನು ನಮ್ಮ ಸಮಾಧಾನಕ್ಕಾಗಿ ಹಿಡಿದಿಡುವುದು ಸರಿಯಲ್ಲ ಎಂದೇ ನನ್ನ ನಂಬಿಕೆ. ಆ ಸ್ಥಿತಿ ಬರಲಿಲ್ಲ. ಇಪ್ಪತ್ಮೂರನೆಯ ದಿನ ನಸುಕಿನಲ್ಲಿ, ಹೊಟ್ಟಿನ ಚೀಲಕ್ಕೆ ಗದ್ದ ಊರಿಕೊಂಡೇ ಹೋದ.

ಈ ಖರ್ಚಿಗೆ ರೊಕ್ಕ ಎಲ್ಲಿಂದ? ಎತ್ತು ದುಡಿಯುವಾಗಲೇ ತೆಗೆದಿಡಬೇಕು. ಮುದಿಯಾದ ಮೇಲೆ ವಿಮೆ ಹುಡುಕಿ ಫಲವಿಲ್ಲ, ಜಾನುವಾರು ವಿಮೆಗೆ ವಯಸ್ಸಿನ ಮಿತಿ ಇರುತ್ತದೆ. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ತಿಂಗಳಿಗೆ ನೂರು ರೂಪಾಯಿಯಿಂದ ಶುರುಮಾಡಬಹುದು. ಎತ್ತಿಗೆ ಹನ್ನೆರಡು ವರ್ಷವಾದಾಗ ತಿಂಗಳಿಗೆ 200ರಂತೆ ಹಾಕಿದರೆ, ಹದಿನೇಳರ ಹೊತ್ತಿಗೆ 12,000 ಅಸಲು, ಮೇಲೆ ಬಡ್ಡಿ. ನನ್ನ ತಪ್ಪಿನ 9,600 ಬಿಟ್ಟರೆ ಸರ್ಜಾಗೆ ಬೇಕಾದದ್ದು 6,100 ಮಾತ್ರ. ಅಪ್ಪ ಬ್ಯಾಂಕಿಗೆ ಹೋದವರಲ್ಲ. ಬಾಡಿಗೆ ಗಳೆಯ ರೊಕ್ಕದಲ್ಲಿ ದಿನಕ್ಕಿಷ್ಟು ಎಂದು ಹಿಟ್ಟಿನ ಡಬ್ಬಿಯಲ್ಲಿ ಇಡುತ್ತಿದ್ದರಂತೆ, ‘ಎತ್ತಿನ ಪಾಲು’ ಎಂದು. ನನಗೆ ಅದು ಗೊತ್ತಾದದ್ದು ಸರ್ಜಾನನ್ನು ಮಣ್ಣು ಮಾಡಿದ ದಿನ, ಜೆಸಿಬಿಯವನಿಗೆ ಎರಡು ತಾಸಿನ 2,400 ಕೊಡಲು ನಾನು ಪಾಕೀಟು ತೆಗೆದಾಗ. ಅವರು ನನ್ನ ಕೈ ಹಿಂದಕ್ಕೆ ಸರಿಸಿ ಡಬ್ಬಿ ತಂದರು.

ಬಾವಿಯಿಂದ ದೂರ, ಹೊಲದ ಬದುವಿನ ಹತ್ತಿರ ಎಂಟಡಿ ಕುಣಿ. ಸುಣ್ಣ, ಉಪ್ಪು ಸೇರಿ 700. ಅವ್ವ ಕೋಡಿಗೆ ಎಣ್ಣೆ ಹಚ್ಚಿ ಹಣೆಗೆ ಕುಂಕುಮ ಇಟ್ಟಳು, ಕಾರಹುಣ್ಣಿಮೆಗೆ ಇಡುವ ಹಾಗೆ. ಕಿವಿಯ ಹಳದಿ ಬಿಲ್ಲೆಯ ಹನ್ನೆರಡು ಅಂಕಿಯನ್ನು ನಾನು ಬರೆದುಕೊಂಡು ಪಶು ಆಸ್ಪತ್ರೆಗೆ ತಿಳಿಸಿ ಬಂದೆ. ಸಂಜೆಗೆ ಕೊಟ್ಟಿಗೆ ಗುಡಿಸುವಾಗ ಮೂರು ಮನೆ ಆಚೆಯ ಕಾಕಾ ಬಂದು ಬಾಗಿಲಲ್ಲಿ ನಿಂತರು. ಅವರ ಆಕಳು ಕರು ಹಾಕಿ ಎದ್ದಿರಲಿಲ್ಲ. ಅಪ್ಪ ಹೊಟ್ಟಿನ ನಾಲ್ಕು ಚೀಲವನ್ನೂ ಅವರ ಗಾಡಿಗೆ ಹಾಕಿ, ಬಲೆ ಮಡಿಸಿ ಮೇಲಿಟ್ಟರು. ಹುಡುಗರನ್ನು ಕೂಗಿ, “ನಾಕ ತಾಸಿಗೊಮ್ಮಿ ಮಗ್ಗಲ ಬದಲಸಬೇಕು, ರಾತ್ರಿ ಯಾರ್ಯಾರು ಬರ್ತೀರಿ?” ಎಂದು ಕೇಳಿದರು.